‘ಇಲ್ಲಿ ಕೆಲಸ ಮಾಡುವ ಹಕ್ಕು ನಿಮಗಿದೆಯೇ?’ ಎಂದು ಕೇಳಿದರೆ ಏನು ಬರೆಯಬೇಕು

ಪ್ರಶ್ನೆ: ನಾನು ಹಿರಿಯೂರಿನವಳು. ಶೆಫೀಲ್ಡ್‌ನಲ್ಲಿ ಒಂದು ವರ್ಷದ ಎಂ.ಎಸ್ಸಿ. ಓದುತ್ತಿದ್ದೇನೆ. 2026ರ ಸೆಪ್ಟೆಂಬರ್‌ನಲ್ಲಿ ಪ್ರಬಂಧ ಸಲ್ಲಿಸಬೇಕು. ಸ್ಟೂಡೆಂಟ್ ವೀಸಾ 2027ರ ಜನವರಿ ಕೊನೆಯವರೆಗೆ ಇದೆ. ನಲವತ್ತಕ್ಕೂ ಹೆಚ್ಚು ಕಡೆ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ಎಲ್ಲ ಕಡೆಯೂ ಎರಡು ಪ್ರಶ್ನೆ ಇದ್ದೇ ಇರುತ್ತವೆ: ಬ್ರಿಟನ್‌ನಲ್ಲಿ ಕೆಲಸ ಮಾಡುವ ಹಕ್ಕು ಇದೆಯೇ, ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ. ಮೊದಲನೆಯದಕ್ಕೆ ‘ಹೌದು’, ಎರಡನೆಯದಕ್ಕೆ ‘ಇಲ್ಲ’ ಎಂದು ಹಾಕು, ಇಲ್ಲದಿದ್ದರೆ ಯಾರೂ ಸಂದರ್ಶನಕ್ಕೆ ಕರೆಯುವುದಿಲ್ಲ ಎನ್ನುತ್ತಾರೆ ಸ್ನೇಹಿತರು. ಇದು ಸರಿಯೇ? ಒಬ್ಬ ನೇಮಕಾತಿ ಏಜೆಂಟ್ ಸಂದರ್ಶನಕ್ಕೂ ಮೊದಲೇ ಪಾಸ್‌ಪೋರ್ಟ್, ವೀಸಾ, ಬ್ಯಾಂಕ್ ಖಾತೆಯ ವಿವರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕೇಳುತ್ತಿದ್ದಾನೆ. ಕಳಿಸಬಹುದೇ? ಇನ್ನೊಂದು ವಿಷಯ. ಚಿತ್ರದುರ್ಗದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಇಲ್ಲಿನ ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸದ ‘ವರ್ಕ್ ಪರ್ಮಿಟ್’ ಕೊಡಿಸುತ್ತೇನೆಂದು ಒಬ್ಬರು ಹನ್ನೆರಡು ಲಕ್ಷ ಕೇಳಿದ್ದಾರೆ. ಇದನ್ನು ನಂಬಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಈಗಲೇ ಉತ್ತರ ಹೇಳುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಒಂದು ರೂಪಾಯಿಯನ್ನೂ ಕೊಡಬೇಡಿ ಎಂದು ಇವತ್ತೇ ಚಿಕ್ಕಪ್ಪನಿಗೆ ಫೋನ್ ಮಾಡಿ. ಕಾರಣವನ್ನು ಕೊನೆಯಲ್ಲಿ ಬರೆಯುತ್ತೇನೆ.

ನಾನು ಉತ್ತರ ಇಂಗ್ಲೆಂಡಿನಲ್ಲಿ ಹದಿನಾಲ್ಕು ವರ್ಷ ನೇಮಕಾತಿ ವಿಭಾಗದಲ್ಲಿ ಕೂತವನು. ಅಂದರೆ ನೀವು ತುಂಬುವ ಆ ಅರ್ಜಿ ಹೋಗಿ ಬೀಳುವ ಮೇಜಿನ ಆಚೆ ಬದಿಯಲ್ಲಿ. ವಲಸೆ ಸಲಹೆಗಾರನ ನೋಂದಣಿ ನನಗಿಲ್ಲ. ಒಬ್ಬರ ವೀಸಾ ಅರ್ಜಿಯ ಬಗ್ಗೆ ವೈಯಕ್ತಿಕ ಸಲಹೆ ಕೊಡಲು ಈ ದೇಶದಲ್ಲಿ ಆ ನೋಂದಣಿ ಬೇಕು, ಇಲ್ಲದೆ ಕೊಟ್ಟರೆ ಅಪರಾಧ. ಹಾಗಾಗಿ ನಿಮ್ಮ ಅರ್ಜಿಯ ಒಳವಿವರಗಳನ್ನು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ವಿಭಾಗದಲ್ಲಿ ಕೇಳಿ. ಅಲ್ಲಿ ಶುಲ್ಕವಿಲ್ಲ. ನಾನು ಹೇಳಬಲ್ಲದ್ದು ಎಲ್ಲರಿಗೂ ಅನ್ವಯಿಸುವ ನಿಯಮಗಳನ್ನು ಮತ್ತು ಉದ್ಯೋಗದಾತ ನಿಮ್ಮ ಉತ್ತರವನ್ನು ಹೇಗೆ ಓದುತ್ತಾನೆ ಎಂಬುದನ್ನು.

ನಿಮ್ಮ ಸ್ನೇಹಿತರ ಸಲಹೆ ಅರ್ಧ ಸರಿ. ಮೊದಲ ಪ್ರಶ್ನೆ ಇವತ್ತಿನ ಮಾತು. ಕಾನೂನುಬದ್ಧವಾಗಿ ದುಡಿಯಲು ನಿಮಗೆ ಅನುಮತಿ ಇದೆಯೇ ಎಂದು ಅದು ಕೇಳುತ್ತದೆ. ನಿಮಗೆ ಇದೆ, ಆದರೆ ಮಿತಿಗಳೊಂದಿಗೆ. ‘ಹೌದು’ ಎಂದು ಹಾಕಬಹುದು. ಕೆಳಗೆ ಆಯ್ಕೆಗಳ ಪಟ್ಟಿ ತೆರೆದುಕೊಂಡರೆ ‘ಕಾಲಮಿತಿಯ ವೀಸಾ’ ಎಂಬ ಅರ್ಥ ಬರುವುದನ್ನು ಆರಿಸಿ. ಎರಡನೆಯ ಪ್ರಶ್ನೆ ಕಂಪನಿಯ ಜೇಬಿನ ಮಾತು. ನಿಮ್ಮ ವೀಸಾಕ್ಕೆ ಕಂಪನಿಯೇ ಹೊಣೆ ಹೊತ್ತು ದುಡ್ಡು ಕಟ್ಟಬೇಕೇ ಎಂದು ಅದು ಕೇಳುತ್ತದೆ. ಇಲ್ಲಿ ಪದಗಳನ್ನು ಬಿಡಿಸಿ ಓದಬೇಕು. ‘ಈ ಹುದ್ದೆಗೆ ಸೇರಲು ಸ್ಪಾನ್ಸರ್‌ಶಿಪ್ ಬೇಕೇ’ ಎಂದಿದ್ದರೆ ಗ್ರಾಜುಯೇಟ್ ವೀಸಾ (ಇಲ್ಲಿ ಓದು ಮುಗಿಸಿದವರು ಸ್ಪಾನ್ಸರ್ ಇಲ್ಲದೆ ಸ್ವಲ್ಪ ಕಾಲ ಉಳಿದು ದುಡಿಯಲು ಕೊಡುವ ವೀಸಾ) ಕೈಯಲ್ಲಿರುವವರು ‘ಬೇಡ’ ಎನ್ನಬಹುದು, ಅದು ನಿಜ. ‘ಈಗ ಅಥವಾ ಮುಂದೆ ಎಂದಾದರೂ ಬೇಕಾಗುತ್ತದೆಯೇ’ ಎಂದಿದ್ದರೆ ಆ ‘ಮುಂದೆ’ ಎಂಬ ಪದ ನಿಮ್ಮಂಥವರಿಗಾಗಿಯೇ ಇಟ್ಟದ್ದು. ಗ್ರಾಜುಯೇಟ್ ವೀಸಾ ಮುಗಿದ ಮೇಲೂ ಇಲ್ಲಿರುವ ಯೋಚನೆ ಇದ್ದರೆ ಉತ್ತರ ‘ಹೌದು’.

ಹಾಗೆ ಹಾಕಿದರೆ ಕೆಲವು ಕಂಪನಿಗಳ ಗಣಕಯಂತ್ರವೇ ನಿಮ್ಮ ಅರ್ಜಿಯನ್ನು ಬದಿಗೆ ಸರಿಸುತ್ತದೆ, ಮನುಷ್ಯರ ಕಣ್ಣಿಗೆ ಅದು ಬೀಳುವುದೇ ಇಲ್ಲ. ನಾನೇ ಅಂಥ ಜರಡಿ ಹಾಕಿ ಕೂತಿದ್ದೇನೆ, ಮುಚ್ಚಿಡುವುದಿಲ್ಲ. ಆದರೆ ‘ಇಲ್ಲ’ ಎಂದು ಒಳಗೆ ಬಂದವರ ಕಥೆಯನ್ನೂ ಕಂಡಿದ್ದೇನೆ. ಹದಿನೆಂಟು ತಿಂಗಳು ಚೆನ್ನಾಗಿ ಕೆಲಸ ಮಾಡಿದ ಹುಡುಗನೊಬ್ಬ ವೀಸಾ ಮುಗಿಯಲು ಮೂರು ತಿಂಗಳಿದ್ದಾಗ ಸ್ಪಾನ್ಸರ್ ಮಾಡಿ ಎಂದು ಕೇಳಿಕೊಂಡು ಬಂದ. ಅವನ ಮೇಲಧಿಕಾರಿಗೆ ಮನಸ್ಸಿತ್ತು. ಯಾರೋ ಹಳೆಯ ಅರ್ಜಿಯನ್ನು ತೆಗೆದು ನೋಡಿದರು. ‘ಮುಂದೆಯೂ ಬೇಡ’ ಎಂದು ಗುರುತು ಹಾಕಿದ್ದ. ಅಲ್ಲಿಂದ ಮುಂದೆ ಮಾತು ಅವನ ಕೆಲಸದ ಬಗ್ಗೆ ನಡೆಯಲಿಲ್ಲ, ಅವನು ಸುಳ್ಳು ಹೇಳಿದನೇ ಎಂಬುದರ ಬಗ್ಗೆ ನಡೆಯಿತು. ನಲವತ್ತು ಅರ್ಜಿಗಳಲ್ಲಿ ಹತ್ತು ಜರಡಿಯಲ್ಲಿ ಉದುರಿದರೆ ಉದುರಲಿ. ಆ ಹತ್ತು ಕಂಪನಿಗಳು ನಿಮ್ಮನ್ನು ಹೇಗೂ ಉಳಿಸಿಕೊಳ್ಳುತ್ತಿರಲಿಲ್ಲ.

ಇವರು ಇಷ್ಟೊಂದು ಹೆದರುವುದೇಕೆ ಎಂದು ನಿಮಗೆ ಅನ್ನಿಸಬಹುದು. ಕೆಲಸಕ್ಕೆ ಸೇರುವವರ ಹಕ್ಕನ್ನು ತಾಳೆ ನೋಡುವ ಹೊಣೆಯನ್ನು ಬ್ರಿಟನ್ 1996ರ ಕಾಯ್ದೆಯ ಮೂಲಕ ಮೊದಲ ಬಾರಿಗೆ ಉದ್ಯೋಗದಾತನ ಹೆಗಲಿಗೆ ಹಾಕಿತು. ಈಗ ಚಾಲ್ತಿಯಲ್ಲಿರುವುದು 2006ರ ಕಾಯ್ದೆ. ಹಕ್ಕಿಲ್ಲದ ಒಬ್ಬನನ್ನು ಕೆಲಸಕ್ಕಿಟ್ಟುಕೊಂಡು ಸಿಕ್ಕಿಬಿದ್ದರೆ 2024ರ ಫೆಬ್ರವರಿ 13ರಿಂದ ಮೊದಲ ತಪ್ಪಿಗೆ ತಲೆಗೆ 45,000 ಪೌಂಡ್‌ವರೆಗೆ, ಮತ್ತೆ ಸಿಕ್ಕಿಬಿದ್ದರೆ 60,000 ಪೌಂಡ್‌ವರೆಗೆ ದಂಡ. ಅದಕ್ಕೂ ಮೊದಲು ಇದು 15,000 ಮತ್ತು 20,000 ಇತ್ತು. ನಿಯಮದಲ್ಲಿ ಹೇಳಿದಂತೆಯೇ ಪರಿಶೀಲನೆ ಮಾಡಿ ದಾಖಲೆ ಇಟ್ಟುಕೊಂಡಿದ್ದರೆ, ಆಮೇಲೆ ಏನೇ ಹೊರಬಿದ್ದರೂ ಉದ್ಯೋಗದಾತನಿಗೆ ದಂಡದಿಂದ ರಕ್ಷಣೆ ಇದೆ. ಹಾಗಾಗಿ ಎಚ್‌ಆರ್‌ನವರು ನಿಮ್ಮಿಂದ ಕೇಳುವುದು ನಿಮ್ಮ ಮಾತಿನ ಭರವಸೆಯನ್ನಲ್ಲ, ತಮ್ಮ ಕಡತಕ್ಕೆ ಬೇಕಾದ ಒಂದು ಹಾಳೆಯನ್ನು. ಕೆಲಸಗಾರರಿಗೂ ಬಿಸಿ ಇದೆ. ಹಕ್ಕಿಲ್ಲದೆ ದುಡಿಯುವುದು 2016ರಿಂದ ಇಲ್ಲಿ ಕೆಲಸಗಾರನ ಅಪರಾಧವೂ ಹೌದು, ಅವನ ಸಂಬಳವನ್ನು ಅಪರಾಧದ ಗಳಿಕೆಯೆಂದು ಮುಟ್ಟುಗೋಲು ಹಾಕಬಹುದು.

ಹಕ್ಕು ಇರುವುದು ಬೇರೆ, ಅದನ್ನು ತೋರಿಸಲಾಗುವುದು ಬೇರೆ. 2018ರಲ್ಲಿ ಹೊರಬಿದ್ದ ವಿಂಡ್‌ರಷ್ ಹಗರಣ ನಿಮಗೆ ಗೊತ್ತಿರಬಹುದು. 1973ಕ್ಕಿಂತ ಮೊದಲು, ಹೆಚ್ಚಾಗಿ ಕೆರಿಬಿಯನ್ ದ್ವೀಪಗಳಿಂದ, ಮಕ್ಕಳಾಗಿಯೇ ಬಂದು ಇಲ್ಲಿ ಬಾಳಿ ಬದುಕಿದ್ದ ಜನ ಅವರು. ಹಕ್ಕು ಪೂರ್ತಿ ಇತ್ತು, ಕಾಗದ ಇರಲಿಲ್ಲ. ಕಾಗದ ತೋರಿಸಿ ಎಂದಾಗ ಕೆಲಸ, ಮನೆ, ಚಿಕಿತ್ಸೆ ಎಲ್ಲ ಕಳೆದುಕೊಂಡರು; ಕೆಲವರನ್ನು ಗಡೀಪಾರೂ ಮಾಡಿದರು. ಅವರು ಬಂದಿಳಿದಾಗಿನ ಚೀಟಿಗಳನ್ನು ವಲಸೆಯ ಹೊಣೆ ಹೊತ್ತ ಗೃಹ ಇಲಾಖೆ, ಅಂದರೆ ಹೋಮ್ ಆಫೀಸ್, ತಾನೇ 2010ರಲ್ಲಿ ನಾಶ ಮಾಡಿತ್ತು. ಕೈಯಲ್ಲಿ ಕಾಗದ ಇಟ್ಟುಕೊಂಡಿರಬೇಕು ಎಂಬ ಪಾಠವನ್ನು ಎಲ್ಲರೂ ಇದರಿಂದ ಕಲಿತರು. ವಿಚಿತ್ರವೆಂದರೆ ಈಗ ಆ ಕಾಗದವೇ ಇಲ್ಲ. ಬೆರಳಚ್ಚು, ಫೋಟೊ ಇದ್ದ ಗುಲಾಬಿ ಬಣ್ಣದ ಕಾರ್ಡನ್ನು ಹಿಡಿದು ಓಡಾಡುತ್ತಿದ್ದ ಕಾಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗಿರುವುದು ಇ-ವೀಸಾ, ಅಂದರೆ ಸರ್ಕಾರದ ಗಣಕದಲ್ಲಿ ನಿಮ್ಮ ಹೆಸರಿನ ಮುಂದಿರುವ ಒಂದು ನಮೂದು. ನಿಮ್ಮ ಹಕ್ಕಿನ ಪುರಾವೆ ನಿಮ್ಮ ಚೀಲದಲ್ಲಿಲ್ಲ, ಅವರ ಕಪಾಟಿನಲ್ಲಿದೆ. ನಿಮ್ಮ ಬಳಿ ಇರುವುದು ಆ ಕಪಾಟಿನ ಬೀಗದ ಕೈ ಮಾತ್ರ. ಅದಕ್ಕೆ ಇಲ್ಲಿ ‘ಶೇರ್ ಕೋಡ್’ ಎನ್ನುತ್ತಾರೆ.

ಪರಿಶೀಲನೆಯ ದಿನ ಏನು ನಡೆಯುತ್ತದೆ ಎಂಬುದನ್ನು ಹೇಳಿದರೆ ನಿಮ್ಮ ಅರ್ಧ ಭಯ ಹೋದೀತು. ಬ್ರಿಟನ್ ಸರ್ಕಾರದ ಗವ್.ಯುಕೆ ಜಾಲತಾಣದಲ್ಲಿ ನಿಮ್ಮ ವೀಸಾ ಖಾತೆಗೆ ಹೋಗಿ, ಯಾವ ಉದ್ದೇಶಕ್ಕೆ ಎಂದು ಕೇಳಿದಾಗ ಉದ್ಯೋಗಕ್ಕೆ ಎಂದು ಆರಿಸಿ, ಕೋಡ್ ಪಡೆಯುತ್ತೀರಿ. ಅಕ್ಷರ ಅಂಕಿ ಸೇರಿ ಒಂಬತ್ತು, 90 ದಿನ ಚಾಲ್ತಿ. ಅದನ್ನೂ ಜನ್ಮದಿನಾಂಕವನ್ನೂ ಉದ್ಯೋಗದಾತನಿಗೆ ಕೊಡುತ್ತೀರಿ. ಅವನು ತನ್ನ ಗಣಕದಲ್ಲಿ, ಉದ್ಯೋಗದಾತರಿಗೆಂದೇ ಇರುವ ಪುಟದಲ್ಲಿ ಎರಡನ್ನೂ ಹಾಕಿದರೆ ನಿಮ್ಮ ಫೋಟೊ, ಹೆಸರು, ಯಾವ ದಿನಾಂಕದವರೆಗೆ ಕೆಲಸ ಮಾಡಬಹುದು, ಏನೇನು ಷರತ್ತು ಎಂಬುದೆಲ್ಲ ಬರುತ್ತದೆ. ಎದುರು ಕೂರಿಸಿಕೊಂಡೋ ವಿಡಿಯೊ ಕರೆಯಲ್ಲೋ ನಿಮ್ಮ ಮುಖವನ್ನು ಆ ಫೋಟೊದ ಜೊತೆ ಹೋಲಿಸಿ ನೋಡುತ್ತಾನೆ. ಪುಟವನ್ನು ಉಳಿಸಿಟ್ಟುಕೊಳ್ಳುತ್ತಾನೆ, ನೀವು ಕೆಲಸ ಬಿಟ್ಟ ಮೇಲೂ ಎರಡು ವರ್ಷ. ಎಲ್ಲ ಸೇರಿ ಐದು ನಿಮಿಷದ ಕೆಲಸ. ನೀವು ನಿಮ್ಮ ಮೊಬೈಲ್‌ನಲ್ಲಿ ಪುಟ ತೆರೆದು ತೋರಿಸಿದರೆ ಅದು ಪರಿಶೀಲನೆ ಅಲ್ಲ, ಮುದ್ರಿಸಿ ತಂದ ಹಾಳೆಯೂ ಅಲ್ಲ.

ಒಮ್ಮೆ ಹಾಸನದ ಕಡೆಯ ಹುಡುಗಿಯೊಬ್ಬಳು ವಿಡಿಯೊ ಕರೆಯಲ್ಲಿ ಕೂತಿದ್ದಳು. ಕೋಡ್ ಹಾಕಿದೆ, ತೆರೆಯಲಿಲ್ಲ. ಮತ್ತೆ ಹಾಕಿದೆ. ಅವಳ ಮುಖ ಬಿಳಿಚಿಕೊಂಡಿತು, ವೀಸಾವೇ ರದ್ದಾಗಿದೆ ಎಂದುಕೊಂಡಳು. ಕೋಡಿನ ಮೊದಲ ಅಕ್ಷರ ನೋಡಿದೆ: ‘ಆರ್’. ಅದು ಬಾಡಿಗೆ ಮನೆಯ ಮಾಲೀಕನಿಗೆ ತೋರಿಸಲು ಹಿಂದಿನ ತಿಂಗಳು ಪಡೆದ ಕೋಡು. ಉದ್ಯೋಗದ ಕೋಡು ‘ಡಬ್ಲ್ಯೂ’ ಅಕ್ಷರದಿಂದ ಶುರುವಾಗುತ್ತದೆ. ಹೊಸದು ತೆಗೆಯಲು ಎರಡು ನಿಮಿಷ ಸಾಕಾಯಿತು. ನಾನು ಕನ್ನಡದಲ್ಲಿ ‘ಗಾಬರಿ ಬೇಡಮ್ಮ, ನೀರು ಕುಡಿ’ ಎಂದೆ. ಅವಳಿಗೆ ಅಳು ನಗು ಎರಡೂ ಒಟ್ಟಿಗೇ ಬಂದವು.

ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆಯನ್ನೇ ಪುರಾವೆ ಎಂದುಕೊಳ್ಳುವವರು ಬಹಳ. ಅದು ತೆರಿಗೆ ಲೆಕ್ಕದ ಸಂಖ್ಯೆ. ನಿಮ್ಮ ಮಟ್ಟಿಗೆ ಅದು ಕೆಲಸದ ಹಕ್ಕನ್ನು ತೋರಿಸುವುದಿಲ್ಲ, ಚಾಲನಾ ಪರವಾನಗಿಯೂ ತೋರಿಸುವುದಿಲ್ಲ. ವೀಸಾ ಖಾತೆ ನಿಮ್ಮ ಪಾಸ್‌ಪೋರ್ಟ್ ಸಂಖ್ಯೆಗೆ ಜೋಡಣೆಯಾಗಿರುತ್ತದೆ ಎಂಬುದನ್ನೂ ನೆನಪಿಡಿ. ಇಲ್ಲಿದ್ದಾಗ ಪಾಸ್‌ಪೋರ್ಟ್ ನವೀಕರಿಸಿದರೆ ಹೊಸ ಸಂಖ್ಯೆಯನ್ನು ಖಾತೆಗೆ ಸೇರಿಸಿ. ಇಲ್ಲದಿದ್ದರೆ ಊರಿನಿಂದ ಮರಳುವಾಗ ವಿಮಾನ ನಿಲ್ದಾಣದಲ್ಲಿ ತೊಂದರೆ ಶುರುವಾಗುತ್ತದೆ.

ಈಗ ನಿಮ್ಮ ದಿನಾಂಕಗಳಿಗೆ ಬರೋಣ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ‘ಜನವರಿ ಕೊನೆ’ ಎಂಬ ಮಾತನ್ನು. ವೀಸಾ ಜನವರಿವರೆಗೆ ಇದೆಯೆಂದು ಜನವರಿವರೆಗೆ ಕಾಯಬೇಡಿ. ಗ್ರಾಜುಯೇಟ್ ವೀಸಾ ಈಗ ಎರಡು ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅದು ಹದಿನೆಂಟೇ ತಿಂಗಳು (ಪಿಎಚ್.ಡಿ. ಮಾಡಿದವರಿಗೆ ಮೊದಲಿನಂತೆ ಮೂರು ವರ್ಷ). ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನ. ಡಿಸೆಂಬರ್‌ನಲ್ಲಿ ಹಾಕಿದವಳಿಗೂ ಜನವರಿಯಲ್ಲಿ ಹಾಕಿದವಳಿಗೂ ಆರು ತಿಂಗಳ ಅಂತರ.

ಆದರೆ ಅರ್ಜಿ ಹಾಕುವುದು ನಿಮ್ಮ ಕೈಯಲ್ಲಿ ಮಾತ್ರ ಇಲ್ಲ. ನೀವು ಯಶಸ್ವಿಯಾಗಿ ಕೋರ್ಸ್ ಮುಗಿಸಿದ್ದೀರಿ ಎಂದು ವಿಶ್ವವಿದ್ಯಾಲಯ ಹೋಮ್ ಆಫೀಸಿಗೆ ತಿಳಿಸಿದ ಮೇಲೆಯೇ ಹಾಕಬೇಕು. ಅದಕ್ಕೆ ಘಟಿಕೋತ್ಸವವೂ ಬೇಕಿಲ್ಲ, ಪದವಿ ಪ್ರಮಾಣಪತ್ರವೂ ಬೇಕಿಲ್ಲ. ಆ ಸೂಚನೆ ಹೋದರೆ ಸಾಕು. ಸೆಪ್ಟೆಂಬರ್‌ನಲ್ಲಿ ಪ್ರಬಂಧ ಕೊಟ್ಟರೆ ಮೌಲ್ಯಮಾಪನ, ಪರೀಕ್ಷಾ ಮಂಡಳಿಯ ಸಭೆ ಎಲ್ಲ ದಾಟಿ ಬರುವಷ್ಟರಲ್ಲಿ ಚಳಿಗಾಲ ಬಂದಿರುತ್ತದೆ. ಕ್ರಿಸ್‌ಮಸ್ ವಾರದಲ್ಲಿ ಇಲ್ಲಿನ ಕಚೇರಿಗಳಲ್ಲಿ ದೀಪ ಹಚ್ಚುವವರೂ ಇರುವುದಿಲ್ಲ. ಆದ್ದರಿಂದ ಈಗಲೇ ವಿಭಾಗಕ್ಕೆ ಬರೆದು ಕೇಳಿ: ಫಲಿತಾಂಶ ಯಾವಾಗ, ಹೋಮ್ ಆಫೀಸಿಗೆ ಸೂಚನೆ ಯಾವ ವಾರ ಹೋಗುತ್ತದೆ. ಪ್ರಬಂಧದ ಗಡುವು ಮುಂದೂಡಿ ಎಂದು ಕೇಳುವ ಮುನ್ನ ಇದನ್ನು ಲೆಕ್ಕ ಹಾಕಿ. ಎರಡು ವಾರದ ವಿನಾಯಿತಿಗೆ ಆರು ತಿಂಗಳ ವೀಸಾ ತೆರಬೇಕಾಗಿ ಬರಬಹುದು.

ಅರ್ಜಿಯ ಜೊತೆಗೆ ಆರೋಗ್ಯ ಸರ್‌ಚಾರ್ಜ್ ಎಂದು ವರ್ಷಕ್ಕೆ 1,035 ಪೌಂಡ್‌ನಂತೆ ಎರಡು ವರ್ಷದ 2,070 ಪೌಂಡನ್ನು ಒಂದೇ ಸಲ ಕಟ್ಟಬೇಕು, ಅರ್ಜಿ ಶುಲ್ಕ ಬೇರೆ. ಮನೆಯಲ್ಲಿ ಮೊದಲೇ ಹೇಳಿಡಿ. ತೀರ್ಮಾನಕ್ಕೆ ಸಾಮಾನ್ಯವಾಗಿ ಎಂಟು ವಾರ. ಆ ಎಂಟು ವಾರ ದೇಶ ಬಿಟ್ಟು ಹೋಗಬಾರದು, ಹೋದರೆ ಅರ್ಜಿ ಹಿಂದಕ್ಕೆ ಪಡೆದಂತೆ. ಮನೆಯಲ್ಲಿ ಮದುವೆ, ಸಂಕ್ರಾಂತಿ, ಏನಿದ್ದರೂ ವೀಸಾ ಕೈಗೆ ಬಂದ ಮೇಲೆ.

ಅಲ್ಲಿಯವರೆಗೆ ನೀವು ಎಷ್ಟು ಕೆಲಸ ಮಾಡಬಹುದು? ಪದವಿ ಮಟ್ಟದ ಮತ್ತು ಅದಕ್ಕಿಂತ ಮೇಲಿನ ವಿದ್ಯಾರ್ಥಿಗಳಿಗೆ ತರಗತಿಯ ಅವಧಿಯಲ್ಲಿ ವಾರಕ್ಕೆ 20 ಗಂಟೆ. ವಾರ ಎಂದರೆ ಸೋಮವಾರದಿಂದ ಭಾನುವಾರ. ಈ ವಾರ 25, ಮುಂದಿನ ವಾರ 15 ಮಾಡಿ ಸರಿದೂಗಿಸಿದೆ ಎಂಬ ಲೆಕ್ಕ ನಡೆಯುವುದಿಲ್ಲ, ಮೊದಲ ವಾರವೇ ಉಲ್ಲಂಘನೆ. ಸಂಬಳವಿಲ್ಲದ ಇಂಟರ್ನ್‌ಶಿಪ್ ಕೂಡ ಈ ಇಪ್ಪತ್ತರೊಳಗೇ ಸೇರುತ್ತದೆ. ಒಂದು ವರ್ಷದ ಎಂ.ಎಸ್ಸಿ. ಮಾಡುವವರು ಎಡವುವುದು ಬೇಸಿಗೆಯಲ್ಲಿ. ಪದವಿ ಓದುವ ಗೆಳೆಯರಿಗೆ ಜೂನ್‌ನಿಂದ ರಜೆ, ಅವರು ಪೂರ್ಣಾವಧಿ ದುಡಿಯುತ್ತಾರೆ. ನಿಮಗೆ ಅದು ಪ್ರಬಂಧ ಬರೆಯುವ ಅವಧಿ, ಅಂದರೆ ತರಗತಿಯ ಅವಧಿಯೇ. ಅವರನ್ನು ನೋಡಿ ನೀವು ಮಾಡಬೇಡಿ. ಕೋರ್ಸ್ ಮುಗಿದ ಮೇಲೆ, ಸ್ಟೂಡೆಂಟ್ ವೀಸಾದ ಉಳಿದ ದಿನಗಳಲ್ಲಿ, ಪೂರ್ಣಾವಧಿ ಮಾಡಬಹುದು, ಆದರೆ ಕಾಯಂ ಪೂರ್ಣಾವಧಿ ಹುದ್ದೆಗೆ ಸೇರುವಂತಿಲ್ಲ. ಕೋರ್ಸ್ ಯಶಸ್ವಿಯಾಗಿ ಮುಗಿದು, ವೀಸಾ ಚಾಲ್ತಿಯಲ್ಲಿರುವಾಗಲೇ ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಿದ್ದರೆ ಆ ನಿರ್ಬಂಧ ಸಡಿಲವಾಗುತ್ತದೆ, ತೀರ್ಮಾನ ಬರುವ ಮೊದಲೇ ಕಾಯಂ ಕೆಲಸ ಶುರು ಮಾಡಬಹುದು. ಆಗ ಶೇರ್ ಕೋಡ್ ಸರಿಯಾಗಿ ತೋರಿಸದಿದ್ದರೆ ಉದ್ಯೋಗದಾತ ಹೋಮ್ ಆಫೀಸಿನ ಪರಿಶೀಲನಾ ಸೇವೆಗೆ ಬರೆದು ಕೇಳಬಹುದು. ಅವರು ಹೌದೆಂದು ಕೊಡುವ ಪತ್ರಕ್ಕೆ ಆರು ತಿಂಗಳ ಬಾಳಿಕೆ. ಸಣ್ಣ ಕಂಪನಿಗಳ ಎಚ್‌ಆರ್‌ನವರಿಗೆ ಈ ಸೇವೆ ಇದೆ ಎಂಬುದೇ ಗೊತ್ತಿರುವುದಿಲ್ಲ. ಮೆಲ್ಲಗೆ ನೀವೇ ತಿಳಿಸಿ, ತಪ್ಪಿಲ್ಲ.

ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗ ನಿಷಿದ್ಧ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇನ್ನೊಬ್ಬರ ಹೆಸರಿನ ಖಾತೆ ಬಾಡಿಗೆಗೆ ಪಡೆದು ಸೈಕಲ್ ಮೇಲೆ ಊಟ ತಲುಪಿಸುವ ನಮ್ಮ ಹುಡುಗರು ಎರಡು ತಪ್ಪುಗಳನ್ನು ಒಂದೇ ಚೀಲದಲ್ಲಿ ಹೊತ್ತು ತಿರುಗುತ್ತಿರುತ್ತಾರೆ.

ಸ್ಪಾನ್ಸರ್‌ಶಿಪ್ ಎಂದರೆ ಕಂಪನಿಗಳು ಮುಖ ತಿರುಗಿಸುವುದೇಕೆ ಎಂಬುದಕ್ಕೆ ಲೆಕ್ಕವೇ ಉತ್ತರ. ಅವರಿಗೆ ಹೋಮ್ ಆಫೀಸಿನ ಲೈಸೆನ್ಸ್ ಇರಬೇಕು, ನಿಮಗಾಗಿ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರ ಕೊಡಬೇಕು, ಅದರ ಮೇಲೆ ಕೌಶಲ ಶುಲ್ಕ ಕಟ್ಟಬೇಕು. ದೊಡ್ಡ ಕಂಪನಿಗೆ ಅದು 2025ರ ಡಿಸೆಂಬರ್ 16ರಿಂದ ವರ್ಷಕ್ಕೆ 1,320 ಪೌಂಡ್, ಐದು ವರ್ಷಕ್ಕೆ 6,600. ಇವನ್ನು ನಿಮ್ಮ ಸಂಬಳದಿಂದ ಮುರಿದುಕೊಳ್ಳುವಂತಿಲ್ಲ. ಸಂಬಳಕ್ಕೂ ಮಿತಿ ಇದೆ. 2025ರ ಜುಲೈ 22ರಿಂದ ಸ್ಪಾನ್ಸರ್‌ ಇದ್ದರೆ ಸಿಗುವ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 41,700 ಪೌಂಡ್, ಅಥವಾ ಆ ವೃತ್ತಿಗೆ ನಿಗದಿಯಾದ ದರ, ಯಾವುದು ಹೆಚ್ಚೋ ಅದು. ನಿಮ್ಮಂತೆ ಆಗಷ್ಟೇ ಓದು ಮುಗಿಸಿದವರಿಗೆ ಅಥವಾ 26 ವರ್ಷ ತುಂಬದವರಿಗೆ ‘ಹೊಸಬರು’ ಎಂಬ ರಿಯಾಯಿತಿ ಉಂಟು: ಕನಿಷ್ಠ 33,400, ಜೊತೆಗೆ ವೃತ್ತಿಯ ದರದಲ್ಲೂ ಇಳಿಕೆ. ಆದರೆ ಈ ರಿಯಾಯಿತಿಗೆ ಒಟ್ಟು ನಾಲ್ಕು ವರ್ಷದ ಗಡಿ, ಗ್ರಾಜುಯೇಟ್ ವೀಸಾದಲ್ಲಿ ಕಳೆದ ಕಾಲವೂ ಆ ನಾಲ್ಕರೊಳಗೇ ಎಣಿಕೆಯಾಗುತ್ತದೆ. ಗ್ರಾಜುಯೇಟ್ ವೀಸಾದ ಎರಡು ವರ್ಷ ಪೂರ್ತಿ ಕಳೆದು ಕೊನೆಯ ತಿಂಗಳಲ್ಲಿ ಸ್ಪಾನ್ಸರ್ ಹುಡುಕುವವರಿಗೆ ರಿಯಾಯಿತಿಯ ಎರಡೇ ವರ್ಷ ಉಳಿದಿರುತ್ತದೆ. ಕಂಪನಿಯ ಲೆಕ್ಕಿಗ ಇದನ್ನು ನಿಮಗಿಂತ ಬೇಗ ಎಣಿಸುತ್ತಾನೆ.

ಹಾಗಾದರೆ ಅರ್ಜಿಯಲ್ಲಿ ಏನು ಬರೆಯಬೇಕು? ಸಿ.ವಿ.ಯ ತಲೆಯಲ್ಲಿ, ಫೋನ್ ಸಂಖ್ಯೆಯ ಕೆಳಗೆ, ಒಂದೇ ಸಾಲು. ಈಗ: ‘ಸ್ಟೂಡೆಂಟ್ ವೀಸಾ, ಫಲಿತಾಂಶ ಬಂದ ಕೂಡಲೇ ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕುತ್ತೇನೆ, ಆ ಅವಧಿಯಲ್ಲಿ ಸ್ಪಾನ್ಸರ್‌ಶಿಪ್ ಬೇಕಿಲ್ಲ.’ ವೀಸಾ ಬಂದ ಮೇಲೆ: ‘ಗ್ರಾಜುಯೇಟ್ ವೀಸಾ, ಇಂಥ ತಿಂಗಳವರೆಗೆ, ಸ್ಪಾನ್ಸರ್‌ಶಿಪ್ ಇಲ್ಲದೆ ಪೂರ್ಣಾವಧಿ ಕೆಲಸ ಮಾಡಬಹುದು.’ ಬಾರದ ವೀಸಾವನ್ನು ಬಂದಿದೆ ಎಂದು ಬರೆಯಬೇಡಿ. ಈ ಸಾಲಿನ ಬೆಲೆ ನನಗೆ ಗೊತ್ತು. ನೂರು ಅರ್ಜಿ ಮುಂದಿಟ್ಟುಕೊಂಡು ಕೂತವನಿಗೆ ಭಾರತದ ಪದವಿ, ಬ್ರಿಟನ್ನಿನ ಎಂ.ಎಸ್ಸಿ., ವೀಸಾದ ಸುಳಿವೇ ಇಲ್ಲ ಎಂದರೆ ‘ಇದರ ಗೊಡವೆ ಯಾರಿಗೆ’ ಎಂದು ಪಕ್ಕಕ್ಕಿಡುತ್ತಾನೆ. ದಿನಾಂಕ ಕಂಡರೆ ಒಂದು ನಿಮಿಷ ಹೆಚ್ಚು ಓದುತ್ತಾನೆ. ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ಶೇರ್ ಕೋಡ್ ಸಿ.ವಿ.ಯಲ್ಲಿ ಬೇಡವೇ ಬೇಡ.

ಇದೇ ಮಾತು ನಿಮ್ಮ ವಾಟ್ಸ್‌ಆ್ಯಪ್ ಏಜೆಂಟನಿಗೂ ಅನ್ವಯಿಸುತ್ತದೆ. ಪರಿಶೀಲನೆ ನಡೆಯಬೇಕಾದದ್ದು ಕೆಲಸ ಶುರುವಾಗುವ ಮೊದಲು, ಸಾಮಾನ್ಯವಾಗಿ ಆಫರ್ ಕೊಟ್ಟ ಮೇಲೆ. ಕೆಲವು ಏಜೆನ್ಸಿಗಳು ಸಂದರ್ಶನದ ಹೊತ್ತಿಗೇ ಕೋಡ್ ಕೇಳುವುದುಂಟು, ಅದು ವಂಚನೆಯೇ ಆಗಬೇಕಿಲ್ಲ. ಆದರೆ ನಿಮ್ಮ ವೀಸಾ ಈಗ ಗಣಕದಲ್ಲಿರುವಾಗ ಅದರ ಪ್ರತಿ ಅವನಿಗೇಕೆ? ಕೋಡ್ ಸಾಕಾಗುವ ಕಡೆ ಪಾಸ್‌ಪೋರ್ಟಿನ ಚಿತ್ರ ಕೇಳುವವನು ಒಂದೋ ನಿಯಮ ಗೊತ್ತಿಲ್ಲದವನು, ಇಲ್ಲವೇ ಬೇರೆ ಉದ್ದೇಶದವನು. ಇನ್ನು ಬ್ಯಾಂಕ್ ವಿವರ ಬೇಕಾಗುವುದು ಸಂಬಳ ಹಾಕುವಾಗ. ಸಂದರ್ಶನವೇ ಆಗದವರಿಗೆ ಯಾವ ಸಂಬಳ? ಯಾವ ಕಂಪನಿಯ ಹುದ್ದೆ, ಸಂದರ್ಶನ ಯಾವಾಗ ಎಂದು ಆ ಕಂಪನಿಯ ಇಮೇಲ್ ವಿಳಾಸದಿಂದ ಬರೆಯಿಸಿ ಕಳಿಸಲು ಹೇಳಿ. ಉತ್ತರ ಬಾರದಿದ್ದರೆ ಆ ಸಂಖ್ಯೆಯನ್ನು ನಿರ್ಬಂಧಿಸಿ.

ನಮ್ಮ ಕಡೆಯವರಿಗೆ ಇನ್ನೊಂದು ಸಣ್ಣ ಕಾಟ ಇದೆ, ಹೆಸರು. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಅಂಕಪಟ್ಟಿಯಲ್ಲಿ ಒಂದು ಕಡೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದು ಇನ್ನೊಂದು ಕಡೆ. ಕೆಲವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗವೇ ಖಾಲಿ. ಇಲ್ಲಿನ ಅರ್ಜಿಯೋ ಉಪನಾಮ ತುಂಬದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಅಲ್ಲಿ ಏನೋ ಒಂದು ತುಂಬಿ ಮರೆತುಬಿಡುತ್ತೀರಿ. ಆರು ವಾರದ ನಂತರ ಇ-ವೀಸಾದ ಪುಟದಲ್ಲಿ ಬೇರೆ ಹೆಸರು, ಆಫರ್ ಲೆಟರ್‌ನಲ್ಲಿ ಬೇರೆ ಹೆಸರು. ಹಾಗೆಂದು ಕೆಲಸ ಹೋಗುವುದಿಲ್ಲ, ಆದರೆ ಪತ್ರ ವ್ಯವಹಾರ ಬೆಳೆಯುತ್ತದೆ, ಸೇರುವ ದಿನ ಮುಂದಕ್ಕೆ ಹೋಗುತ್ತದೆ. ಎಲ್ಲ ಅರ್ಜಿಗಳಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಿರಿ. ಉಪನಾಮ ಖಾಲಿ ಇದ್ದು ಏನಾದರೂ ತುಂಬಲೇಬೇಕಾದರೆ ಎಲ್ಲ ಕಡೆಯೂ ಒಂದನ್ನೇ ತುಂಬಿ, ಏನು ತುಂಬಿದಿರಿ ಎಂದು ಬರೆದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಬೇರೆ ಇದ್ದರೆ ಇಂಥ ಇನಿಷಿಯಲ್ ಎಂದರೆ ಇಂಥದ್ದು ಎಂದು ಎರಡು ಸಾಲಿನ ವಿವರಣೆಯನ್ನು ಸಿದ್ಧವಾಗಿಟ್ಟುಕೊಳ್ಳಿ. ಮದುವೆಯ ನಂತರ ಹೆಸರು ಬದಲಾಗಿದ್ದರೆ ವಿವಾಹ ನೋಂದಣಿ ಪತ್ರವೂ ಜೊತೆಗಿರಲಿ. ನನ್ನ ಹೆಸರಿನಲ್ಲಿರುವ ಊರಿನ ಹೆಸರನ್ನು ಇಲ್ಲಿ ಸಂಬಳದ ಚೀಟಿಯಲ್ಲಿ ಮೂರು ವರ್ಷ ನನ್ನ ಮೊದಲ ಹೆಸರಾಗಿ ಅಚ್ಚು ಹಾಕಿದರು. ಕಚೇರಿಯಲ್ಲಿ ಎಲ್ಲರೂ ನನ್ನನ್ನು ನನ್ನ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ನಾನೂ ಬೇಡ ಎನ್ನಲಿಲ್ಲ.

ಕೊನೆಗೆ ನಿಮ್ಮ ಚಿಕ್ಕಪ್ಪನ ಮಗ. ಆ ಏಜೆಂಟ್ ಹೇಳುವ ‘ವರ್ಕ್ ಪರ್ಮಿಟ್’ ಎಂಬ ವ್ಯವಸ್ಥೆಯ ಜಾಗಕ್ಕೆ ಬ್ರಿಟನ್‌ನಲ್ಲಿ 2008ರಲ್ಲೇ ಅಂಕ ಆಧಾರಿತ ಪದ್ಧತಿ ಬಂತು. ಈಗಿರುವುದು ಸ್ಪಾನ್ಸರ್‌ಶಿಪ್ ಪ್ರಮಾಣಪತ್ರ. ಹೆಸರಿಗೆ ಪ್ರಮಾಣಪತ್ರವೇ ಹೊರತು ಅದು ಮೊಹರು ಹಾಕಿದ ಕಾಗದವಲ್ಲ, ಗಣಕದಲ್ಲಿ ಹುಟ್ಟುವ ಒಂದು ಸಂಖ್ಯೆ. ಅದನ್ನು ಕೊಡುವವನು ಉದ್ಯೋಗದಾತ, ಮಾರಲು ಬರುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಹೊರದೇಶದಿಂದ ಆರೈಕೆ ಕೆಲಸಗಾರರನ್ನು ಕರೆಸಿಕೊಳ್ಳುವ ಬಾಗಿಲನ್ನು 2025ರ ಜುಲೈ 22ರಂದೇ ಮುಚ್ಚಿದರು. ಚಿತ್ರದುರ್ಗದಲ್ಲಿ ಕೂತು ಆ ಕೆಲಸಕ್ಕೆ ಹೊಸದಾಗಿ ವೀಸಾ ಪಡೆಯುವ ದಾರಿಯೇ ಇಲ್ಲ. ಇಲ್ಲದ ಬಾಗಿಲಿಗೆ ಹನ್ನೆರಡು ಲಕ್ಷದ ಟಿಕೆಟ್.

ಏಜೆಂಟ್ ಯಾವುದಾದರೂ ಕಂಪನಿಯ ಹೆಸರು ಹೇಳಿದರೆ ಲೈಸೆನ್ಸ್ ಪಡೆದ ಸ್ಪಾನ್ಸರ್‌ಗಳ ಪಟ್ಟಿ ಗವ್.ಯುಕೆಯಲ್ಲಿ ಎಲ್ಲರಿಗೂ ತೆರೆದಿದೆ, ಹುಡುಕಿ ನೋಡಬಹುದು. ಹೆಸರು ಅಲ್ಲಿದೆ ಎಂದ ಮಾತ್ರಕ್ಕೆ ಈ ಕೆಲಸ ನಿಜ ಎಂದಲ್ಲ. ವಂಚಕರೂ ಅದೇ ಪಟ್ಟಿ ನೋಡಿಯೇ ಹೆಸರು ಎತ್ತಿಕೊಳ್ಳುವುದು. ಭಾರತದಲ್ಲಿ ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಅಂಥ ಏಜೆಂಟ್ ಅಭ್ಯರ್ಥಿಯಿಂದ ಸೇವಾ ಶುಲ್ಕವಾಗಿ ಪಡೆಯಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ನೋಂದಣಿ ಸಂಖ್ಯೆ ಹಾಕಿ ನೋಡಲು ಹೇಳಿ. ಸಂಖ್ಯೆ ಕೇಳಿದ ಕೂಡಲೇ ಅವನ ಧ್ವನಿ ಬದಲಾದರೆ ಮುಂದೆ ನೋಡುವ ಅಗತ್ಯವೂ ಇರುವುದಿಲ್ಲ.

ಹುಡುಗ ಪದವೀಧರನೇ, ವಯಸ್ಸು 18ರಿಂದ 30ರ ಒಳಗಿದೆಯೇ? ಹಾಗಿದ್ದರೆ ಭಾರತೀಯ ಯುವ ವೃತ್ತಿಪರರ ಯೋಜನೆ ಎಂದೊಂದಿದೆ. 2023ರಲ್ಲಿ ಶುರುವಾದದ್ದು, ವರ್ಷಕ್ಕೆ 3,000 ಜನರಿಗೆ, ಎರಡು ವರ್ಷದವರೆಗೆ ಇಲ್ಲಿದ್ದು ದುಡಿಯಲು ಅವಕಾಶ, ಸ್ಪಾನ್ಸರ್ ಬೇಕಿಲ್ಲ. ಆಯ್ಕೆ ಲಾಟರಿಯಲ್ಲಿ. ಲಾಟರಿಗೆ ಹೆಸರು ಕೊಡಲು ದುಡ್ಡಿಲ್ಲ. ಹೆಸರು ಎದ್ದು ಬಂದರೆ ಆಗ ವೀಸಾ ಶುಲ್ಕ, ಸರ್‌ಚಾರ್ಜ್ ಮತ್ತು ಬ್ಯಾಂಕಿನಲ್ಲಿ 2,530 ಪೌಂಡ್ ಇದೆಯೆಂದು ತೋರಿಸುವ ಮಾತು. ಲಾಟರಿ ತೆರೆದಿರುವುದು ಒಂದೆರಡು ದಿನ ಮಾತ್ರ, ಆ ದಿನಾಂಕ ಗವ್.ಯುಕೆಯಲ್ಲಿ ಬರುತ್ತದೆ. ಅವನ ಪರವಾಗಿ ಅದನ್ನು ಗಮನಿಸುತ್ತಿರಿ. ಹೆಸರು ತುಂಬುವಾಗ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ತುಂಬಲಿ.